ನೈಋತ್ಯಕ್ಕೆ ಗುಲಾಬಿ, ಆಗ್ನೇಯಕ್ಕೆ ನೇರಳೆ: ಹೇಳಿದವರು ಯಾರು?

ಬೀಜಿಂಗಿನ ನಿಷೇಧಿತ ನಗರದಲ್ಲಿ ಅರಮನೆಗಳ ಮಾಡು ಬಹುಪಾಲು ಹಳದಿ. ಹಳದಿ ಮಣ್ಣಿನ ಬಣ್ಣ, ಮಣ್ಣು ನಡುವಿನ ಧಾತು, ಲೋಕದ ನಡುವೆ ಕೂತವನು ಚಕ್ರವರ್ತಿ. ಹಾಗಾಗಿ ಹಳದಿ ಹೆಂಚು ಅವನ ಹಕ್ಕು. ಇಷ್ಟು ಹಳದಿಯ ನಡುವೆ ಒಂದು ಕಟ್ಟಡಕ್ಕೆ ಕಪ್ಪು ಹೆಂಚು ಹೊದಿಸಿ, ಅಂಚಿಗೆ ಹಸಿರು ಕೊಟ್ಟಿದ್ದಾರೆ. ಅದು ವೆನ್‌ಯುವಾನ್ ಗ ಎಂಬ ಗ್ರಂಥಾಲಯ, ಚಿಯಾನ್‌ಲಾಂಗ್ ಚಕ್ರವರ್ತಿಯ ಕಾಲದಲ್ಲಿ, 1776ರಲ್ಲಿ, ಕಟ್ಟಿ ಮುಗಿಸಿದ್ದು. ಮೂವತ್ತಾರು ಸಾವಿರಕ್ಕೂ ಹೆಚ್ಚು ಕೈಬರಹದ ಸಂಪುಟಗಳನ್ನು ಅಲ್ಲಿ ಇಡಬೇಕಿತ್ತು. ಕಾಗದಕ್ಕೆ ಬೆಂಕಿಯ ಭಯ, ಬೆಂಕಿಯನ್ನು ಗೆಲ್ಲುವುದು ನೀರು, ಚೀನೀ ಲೆಕ್ಕದಲ್ಲಿ ನೀರಿನ ಬಣ್ಣ ಕಪ್ಪು. ಮನೆಯ ಬಣ್ಣಕ್ಕೂ ಮನೆಯ ಕ್ಷೇಮಕ್ಕೂ ನಂಟು ಹಾಕುವ ಫೆಂಗ್ ಶೂಯಿ ತರ್ಕ ಇಷ್ಟು ಸ್ಪಷ್ಟವಾಗಿ ಕಾಣುವ ಕಟ್ಟಡ ಇನ್ನೊಂದಿರಲಾರದು. ಆದರೆ ಅದೇ ಅರಮನೆಯ ಅಂಗಳಗಳಲ್ಲಿ ಇವತ್ತಿಗೂ ದೊಡ್ಡ ಲೋಹದ ಹಂಡೆಗಳಿವೆ. ಬೆಂಕಿ ಬಿದ್ದರೆ ಆರಿಸಲೆಂದು ಅವುಗಳಲ್ಲಿ ನೀರು ತುಂಬಿಡುತ್ತಿದ್ದರು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಂತೆ ಬುಡದಲ್ಲಿ ಇದ್ದಿಲು ಉರಿಸುತ್ತಿದ್ದರು. ಗ್ರಂಥಾಲಯದ ಎದುರು ಕೊಳವನ್ನೂ ತೋಡಿಸಿದರು. 1421ರಲ್ಲಿ ಸಿಡಿಲು ಬಡಿದು ಮೂರು ಮುಖ್ಯ ಸಭಾಭವನಗಳು ಸುಟ್ಟುಹೋದದ್ದನ್ನು ಕಂಡ ಅರಮನೆ ಅದು. ಅಲ್ಲಿನವರಿಗೆ ಕಪ್ಪು ಹೆಂಚಿನಲ್ಲಿ ನಂಬಿಕೆ ಇತ್ತು. ಹಾಗೆಂದು ಹಂಡೆ ಖಾಲಿ ಬಿಡಲಿಲ್ಲ.

ನಮ್ಮ ಊರುಗಳಲ್ಲಿ ಮನೆಗೆ ಪೇಂಟ್ ಮಾಡಿಸಲು ಹೊರಟವರಿಗೆ ಸಿಗುವ ಫೆಂಗ್ ಶೂಯಿಯಲ್ಲಿ ಹಂಡೆಯ ಮಾತೇ ಇಲ್ಲ, ಹೆಂಚಿನದಷ್ಟೇ. ಒಂಬತ್ತು ಚೌಕಗಳ ಒಂದು ಪಟ್ಟಿ. ಸಂಪತ್ತಿನ ಮೂಲೆಗೆ ನೇರಳೆ, ದಾಂಪತ್ಯದ ಮೂಲೆಗೆ ಗುಲಾಬಿ, ಕೀರ್ತಿಗೆ ಕೆಂಪು, ಉದ್ಯೋಗಕ್ಕೆ ಕಪ್ಪು, ಮಕ್ಕಳಿಗೆ ಬಿಳಿ. ನಗುವ ಬುದ್ಧ, ಕೆಂಪು ದಾರದ ನಾಣ್ಯ, ಗಾಜಿನ ಬಟ್ಟಲಿನ ಬಿದಿರು ಬಂದ ದಾರಿಯಲ್ಲೇ ಈ ಪಟ್ಟಿಯೂ ಬಂದಿದೆ. ಫೆಂಗ್ ಶೂಯಿಯ ಬಣ್ಣಗಳು ಒಂದು ನಾಡಿನ ಬಿಸಿಲು, ಗಾಳಿ, ಮಣ್ಣು ಮತ್ತು ಆಸ್ಥಾನದಿಂದ ಹುಟ್ಟಿದ ಸಂಕೇತಗಳು. ಅಲ್ಲಿ ಅವಕ್ಕೆ ಅರ್ಥವಿದೆ, ಸೊಗಸೂ ಇದೆ. ಗೋಡೆಗೋಡೆಗೆ ಬಣ್ಣ ಹಂಚುವ ಈ ಪಟ್ಟಿಯಾದರೋ ಕೆಲವೇ ದಶಕಗಳ ಹಿಂದಿನದು, ನಮ್ಮ ಸೂರ್ಯನ ಪರಿಚಯ ಅದಕ್ಕಿಲ್ಲ. ಆ ಪದ್ಧತಿ ಮನೆಯನ್ನು ನೋಡುವ ಬಗೆಯಿಂದ ಕಲಿಯುವುದಿದೆ. ಪಟ್ಟಿಯನ್ನು ಹಾಗೇ ತಂದು ಗೋಡೆಗೆ ಬಳಿಯಲು ಕಾರಣವಿಲ್ಲ ಎಂಬುದು ನನ್ನ ವಾದ.

ಮೊದಲು ಮೂಲ ನೋಡೋಣ. ಚೀನೀಯರ ಐದು ಧಾತುಗಳು ಮರ, ಬೆಂಕಿ, ಮಣ್ಣು, ಲೋಹ, ನೀರು. ಮರ ಪೂರ್ವಕ್ಕೆ, ಬಣ್ಣ ನೀಲಿ ಬೆರೆತ ಹಸಿರು. ಬೆಂಕಿ ದಕ್ಷಿಣಕ್ಕೆ, ಕೆಂಪು. ಲೋಹ ಪಶ್ಚಿಮಕ್ಕೆ, ಬಿಳಿ. ನೀರು ಉತ್ತರಕ್ಕೆ, ಕಪ್ಪು. ಮಣ್ಣು ನಡುವೆ, ಹಳದಿ. ಮರ ಬೆಂಕಿಯನ್ನು ಹುಟ್ಟಿಸುತ್ತದೆ, ಬೆಂಕಿ ಬೂದಿಯಾಗಿ ಮಣ್ಣಾಗುತ್ತದೆ, ಮಣ್ಣಿನಿಂದ ಲೋಹ, ಲೋಹದಿಂದ ನೀರು, ನೀರಿನಿಂದ ಮತ್ತೆ ಮರ. ಒಂದನ್ನೊಂದು ಸೋಲಿಸುವ ಇನ್ನೊಂದು ಸರಣಿಯೂ ಇದೆ. ಈ ಬಣ್ಣಗಳು ಮನೆಯ ಗೋಡೆಗಿಂತ ಮೊದಲು ರಾಜಕೀಯಕ್ಕೆ ಒದಗಿದವು. ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಷಿ ಹ್ವಾಂಗ್, ತನಗಿಂತ ಮೊದಲಿದ್ದ ಝೌ ವಂಶದ್ದು ಬೆಂಕಿ, ತನ್ನದು ಅದನ್ನಾರಿಸಿದ ನೀರು ಎಂದು ಸಾರಿ ಕಪ್ಪನ್ನು ರಾಜವರ್ಣವಾಗಿಸಿದ. ಬೀಜಿಂಗಿನಲ್ಲಿ ಭೂಮಿ ಮತ್ತು ಧಾನ್ಯದೇವತೆಗಳ ಪೂಜೆಗೆ ಕಟ್ಟಿದ ಚೌಕಾಕಾರದ ಜಗಲಿಯಿದೆ. ಅದರ ಮೇಲೆ ಐದು ಬಣ್ಣದ ಮಣ್ಣನ್ನು ದಿಕ್ಕಿಗೆ ತಕ್ಕಂತೆ ಹರಡಿದ್ದಾರೆ. ಆ ಮಣ್ಣು ಬರೀ ಕಲ್ಪನೆಯದಲ್ಲ. ಚೀನಾದ ಈಶಾನ್ಯದಲ್ಲಿ ನಿಜಕ್ಕೂ ಕಪ್ಪು ಮಣ್ಣಿದೆ, ದಕ್ಷಿಣದಲ್ಲಿ ಕೆಂಪು ಮಣ್ಣು, ಹಳದಿ ನದಿ ಹರಿಯುವ ನಡುನಾಡಿನಲ್ಲಿ ಹಳದಿ ಮಣ್ಣು. ಅಂದರೆ ಈ ಬಣ್ಣಗಳು ಸುಮಾರಾಗಿ ಒಂದು ದೇಶದ ಭೂಪಟ. ಕಾಕತಾಳೀಯವಾಗಿ ಕರ್ನಾಟಕದಲ್ಲೂ ಉತ್ತರಕ್ಕೆ ಎರೆಮಣ್ಣು, ದಕ್ಷಿಣಕ್ಕೆ ಕೆಂಪುಮಣ್ಣು. ಆದರೆ ಪಶ್ಚಿಮಕ್ಕೆ ನಡೆದರೆ ಬಿಳಿ ಬದಲು ಜಂಬಿಟ್ಟಿಗೆ ಕಾಲಿಗೆ ಹತ್ತುತ್ತದೆ, ಹೋಲಿಕೆ ಅಲ್ಲಿಗೆ ಮುಗಿಯುತ್ತದೆ.

ದಿಕ್ಕುಗಳ ಗುಣವೂ ಹಾಗೆಯೇ ನೆಲದಿಂದ ಎದ್ದದ್ದು. ಬೀಜಿಂಗ್ ಇರುವುದು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ವರ್ಷವಿಡೀ ನಡುಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲೇ ಇರುತ್ತಾನೆ. ಡಿಸೆಂಬರ್ ಕೊನೆಗೆ ಅವನು ದಿಗಂತದಿಂದ ಸುಮಾರು 27 ಡಿಗ್ರಿಯಷ್ಟೇ ಮೇಲೇರುವುದರಿಂದ ದಕ್ಷಿಣದ ಕಿಟಕಿಯೊಳಗೆ ಬಿಸಿಲು ಕೋಣೆಯ ಆಳದವರೆಗೆ ಹೋಗುತ್ತದೆ. ಉತ್ತರದಿಂದ ಬರುವುದು ಸೈಬೀರಿಯಾದ ಕೊರೆಯುವ ಗಾಳಿ. ದಕ್ಷಿಣ ಬೆಂಕಿ, ಉತ್ತರ ಕತ್ತಲು ಮತ್ತು ನೀರು ಎಂದು ಅವರು ಹೇಳಿದ್ದು ಮೈಯಲ್ಲಿ ಅನುಭವಿಸಿ ಹೇಳಿದ ಮಾತು. ಬೆನ್ನಿಗೆ ಬೆಟ್ಟ, ಎದುರಿಗೆ ನೀರು, ಮುಖ ದಕ್ಷಿಣಕ್ಕೆ ಎಂಬ ಫೆಂಗ್ ಶೂಯಿಯ ಆದರ್ಶ ಮನೆ ಆ ಹವೆಗೆ ಒಪ್ಪುವಂಥದ್ದೇ. ಅದೇ ಲೆಕ್ಕವನ್ನು 13 ಡಿಗ್ರಿಯಲ್ಲಿರುವ ಬೆಂಗಳೂರಿಗೆ ತನ್ನಿ. ಡಿಸೆಂಬರಿನಲ್ಲೂ ಇಲ್ಲಿ ಮಧ್ಯಾಹ್ನದ ಸೂರ್ಯ ಸುಮಾರು 54 ಡಿಗ್ರಿ ಮೇಲಿರುತ್ತಾನೆ. ಏಪ್ರಿಲ್ ಕೊನೆಯ ಹೊತ್ತಿಗೆ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಹೊತ್ತಿನಲ್ಲಿ ಉತ್ತರದ ಕಡೆಗೇ ಇರುತ್ತಾನೆ. ವರ್ಷದಲ್ಲಿ ನಾಲ್ಕು ತಿಂಗಳ ಹತ್ತಿರ ಬಿಸಿಲು ಬೀಳುವ ಗೋಡೆ ಉತ್ತರದ್ದು ಎಂದಾದ ಮೇಲೆ, ಅದನ್ನು ಕತ್ತಲಿನ ದಿಕ್ಕೆಂದು ಕರೆದು ಕಪ್ಪೋ ಕಡುನೀಲಿಯೋ ಬಳಿಯುವುದಕ್ಕೆ ಏನು ಆಧಾರ? ನಮ್ಮಲ್ಲಿ ನಿಜವಾಗಿ ಬೆಂಕಿ ಕಾರುವುದು ಇಳಿಹೊತ್ತಿನ ಪಡುವಣ ಗೋಡೆ. ಬೇಸಿಗೆಯಲ್ಲಿ ಕಲಬುರಗಿಯವರನ್ನೋ ರಾಯಚೂರಿನವರನ್ನೋ ಕೇಳಿದರೆ ಹೇಳುತ್ತಾರೆ. ಪಶ್ಚಿಮಕ್ಕೆ ಬಿಳಿ ಎಂದು ಚೀನೀ ಪಟ್ಟಿ ಹೇಳುವುದು ಇಲ್ಲಿ ಸರಿಹೋಗುತ್ತದೆ, ಆದರೆ ಅದು ಲೋಹದ ದೆಸೆಯಿಂದ ಖಂಡಿತ ಅಲ್ಲ. ಇನ್ನು ಮಲೆನಾಡಿನಲ್ಲಿ ಉತ್ತರದ ಗೋಡೆ ಕಪ್ಪಾಗಲು ಪೇಂಟೇ ಬೇಕಿಲ್ಲ, ಒಂದು ಮಳೆಗಾಲ ಸಾಕು. ಆಸ್ಟ್ರೇಲಿಯಾದಲ್ಲಿ ಸೂರ್ಯ ಉತ್ತರಕ್ಕಿರುವುದರಿಂದ ಪಟ್ಟಿಯನ್ನು ತಿರುಗಿಸಬೇಕೇ ಬೇಡವೇ ಎಂದು ಫೆಂಗ್ ಶೂಯಿ ತಜ್ಞರೇ ಎರಡು ಪಂಗಡವಾಗಿದ್ದಾರೆ. ಭೂಮಧ್ಯರೇಖೆಗೆ ಹತ್ತಿರದ ನಮಗೆ ತಿರುಗಿಸಿದರೂ ಪೂರ್ತಿ ಹೊಂದದು, ಬಿಟ್ಟರೂ ಹೊಂದದು.

ಇದಕ್ಕೆ ಥಟ್ಟನೆ ಬರುವ ಆಕ್ಷೇಪ: ಸಾವಿರಾರು ವರ್ಷದ ಜ್ಞಾನವನ್ನು ಹೀಗೆ ತಳ್ಳಿಹಾಕಬಹುದೇ? ಐದು ಧಾತುಗಳ ಕಲ್ಪನೆ ಹಳೆಯದು, ಸಂಶಯವಿಲ್ಲ. ಗಾಳಿ ಚದುರಿಸುವ, ನೀರು ತಡೆದು ನಿಲ್ಲಿಸುವ 'ಚಿ' ಎಂಬ ಪ್ರಾಣಶಕ್ತಿಯ ಮಾತು ಬರುವ ಸಮಾಧಿಗ್ರಂಥವನ್ನು ನಾಲ್ಕನೆಯ ಶತಮಾನದ ಆರಂಭದಲ್ಲಿ ತೀರಿಕೊಂಡ ಗುವೊ ಪು ಎಂಬ ವಿದ್ವಾಂಸನ ಹೆಸರಿಗೆ ಹಚ್ಚುತ್ತಾರೆ. ಆ ಗ್ರಂಥದ ವಿಷಯ ಹಿರಿಯರನ್ನು ಎಲ್ಲಿ ಹೂಳಬೇಕು ಎಂಬುದು. ಮಲಗುವ ಕೋಣೆಗೆ ಯಾವ ಶೇಡ್ ಎಂಬುದಲ್ಲ. ಹಳೆಯ ಚೀನಾದಲ್ಲಿ ಸಾಮಾನ್ಯನಿಗೆ ಬಣ್ಣ ಆರಿಸುವ ಸ್ವಾತಂತ್ರ್ಯವಾದರೂ ಎಲ್ಲಿತ್ತು? ಹಳದಿ ಹೆಂಚು ಅರಮನೆಗೆ, ಹಸಿರು ಹೆಂಚು ರಾಜಕುಮಾರರಿಗೆ, ಕೆಂಪು ಬಾಗಿಲು ದೊಡ್ಡ ದರ್ಜೆಯವರಿಗೆ. ಬೀಜಿಂಗಿನ ಗಲ್ಲಿಗಳಲ್ಲಿ ನಡುವೆ ಅಂಗಳವಿಟ್ಟು ಕಟ್ಟಿದ ಹಳೆಯ ಮನೆಗಳನ್ನು ನೋಡಿ: ಬೂದು ಇಟ್ಟಿಗೆ, ಬೂದು ಹೆಂಚು. ಅನ್‌ಹುಯಿ ಪ್ರಾಂತ್ಯದ ಹಾಂಗ್‌ಚುನ್ ಹಳ್ಳಿಯನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಲಗಿದ ಎತ್ತಿನ ಆಕಾರದಲ್ಲಿ ಹಳ್ಳಿಯನ್ನು ಯೋಜಿಸಿ, ಕರುಳಿನಂತೆ ಕಾಲುವೆ ಸುತ್ತಿಸಿ, ಹೊಟ್ಟೆಯ ಜಾಗದಲ್ಲಿ ಕೆರೆ ಮಾಡಿದ ಫೆಂಗ್ ಶೂಯಿಯ ತವರು ಅದು. ಅಲ್ಲಿನ ಸಾಲುಮನೆಗಳಿಗೆ ಇರುವುದು ಸುಣ್ಣದ ಬಿಳಿ ಗೋಡೆ, ಕಪ್ಪು ಹೆಂಚು. ಮನೆಮನೆಯ ಮುಂದೆ ನೀರು ಹರಿಸಿದ ಜನ ಮೂಲೆಗೊಂದು ಬಣ್ಣ ಬಳಿಯುವ ಗೋಜಿಗೆ ಹೋಗಲಿಲ್ಲ.

ಹಾಗಾದರೆ ನೇರಳೆ, ಗುಲಾಬಿ ಬಂದದ್ದೆಲ್ಲಿಂದ? ಬೀಜಿಂಗಿನಲ್ಲಿ 1932ರಲ್ಲಿ ಹುಟ್ಟಿದ ಲಿನ್ ಯುನ್ ಎಂಬಾತ ಅಮೆರಿಕಕ್ಕೆ ಹೋಗಿ, 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ತನ್ನ ಪಂಥದ ಮಂದಿರ ಸ್ಥಾಪಿಸಿದ. ಅವನ ಪದ್ಧತಿಯಲ್ಲಿ ದಿಕ್ಸೂಚಿ ಬೇಕಿಲ್ಲ. ಮುಂಬಾಗಿಲಲ್ಲಿ ನಿಂತು ನೋಡಿದರೆ ಎಡಗಡೆಯ ದೂರದ ಮೂಲೆ ಸಂಪತ್ತಿನದು, ಬಲಗಡೆಯ ದೂರದ ಮೂಲೆ ದಾಂಪತ್ಯದ್ದು. ಬಾಗಿಲು ಯಾವ ದಿಕ್ಕಿಗಿದ್ದರೂ ಸರಿ. ಸಂಪತ್ತಿಗೆ ನೇರಳೆ, ದಾಂಪತ್ಯಕ್ಕೆ ಗುಲಾಬಿ ಈ ಪದ್ಧತಿಯವು. ಅವನ ಶಿಷ್ಯೆ ಸಾರಾ ರಾಸ್‌ಬಾಕ್ 1983ರಿಂದ ಬರೆದ ಪುಸ್ತಕಗಳು ಇದನ್ನು ಪಶ್ಚಿಮಕ್ಕೆಲ್ಲ ಹರಡಿದವು; ಬಣ್ಣಕ್ಕೆಂದೇ ಒಂದು ಪುಸ್ತಕ 1994ರಲ್ಲಿ ಬಂತು. ಮಲೇಷ್ಯಾದ ಲಿಲಿಯನ್ ಟೂ ಅವರ ಪುಸ್ತಕಗಳು ದಿಕ್ಸೂಚಿ ಪಂಥದವು, ಭಾರತದಲ್ಲೂ ಚೆನ್ನಾಗಿ ಓಡಿದವು. ದಿಕ್ಸೂಚಿ ಪಂಥದಲ್ಲಿ ಸಂಪತ್ತಿನ ಆಗ್ನೇಯ ಮರದ ದಿಕ್ಕು, ಬಣ್ಣ ಹಸಿರು. ದಾಂಪತ್ಯದ ನೈಋತ್ಯ ಮಣ್ಣಿನ ದಿಕ್ಕು, ಬಣ್ಣ ಹಳದಿ, ಕಂದು. ನಮ್ಮಲ್ಲಿ ಮಾರಾಟವಾಗುವ ಪಟ್ಟಿ ಇವೆರಡನ್ನೂ ಕಲಸಿ, ದಿಕ್ಕು ಒಂದು ಪಂಥದ್ದು, ಬಣ್ಣ ಇನ್ನೊಂದರದ್ದು ಮಾಡಿ ಇಟ್ಟಿದೆ. ಎರಡರ ಗುರುಗಳೂ ಇದನ್ನು ಒಪ್ಪಲಾರರು.

ಒಂದೇ ಪಂಥವನ್ನು ಶುದ್ಧವಾಗಿ ಪಾಲಿಸುತ್ತೇವೆ ಎಂದರೂ ತೊಡಕು ತಪ್ಪದು. ದಿಕ್ಸೂಚಿಯವರು ಹುಟ್ಟಿದ ವರ್ಷದಿಂದ 'ಕುವಾ' ಸಂಖ್ಯೆ ತೆಗೆಯುತ್ತಾರೆ. ಕಳೆದ ಶತಮಾನದಲ್ಲಿ ಹುಟ್ಟಿದವರಾದರೆ ಇಸವಿಯ ಕೊನೆಯ ಎರಡು ಅಂಕಿಗಳನ್ನು ಒಂದಂಕಿ ಬರುವ ತನಕ ಕೂಡಬೇಕು. ಗಂಡಸರು ಅದನ್ನು ಹತ್ತರಿಂದ ಕಳೆಯಬೇಕು, ಹೆಂಗಸರು ಅದಕ್ಕೆ ಐದು ಸೇರಿಸಬೇಕು. 1980ರ ನಡುವಿನಲ್ಲಿ ಹುಟ್ಟಿದ ಗಂಡನಿಗೆ 2 ಬರುತ್ತದೆ: ಧಾತು ಮಣ್ಣು, ಬಣ್ಣ ಹಳದಿ. 1985ರ ನಡುವಿನಲ್ಲಿ ಹುಟ್ಟಿದ ಹೆಂಡತಿಗೆ 9: ಧಾತು ಬೆಂಕಿ, ಬಣ್ಣ ಕೆಂಪು. ಬೆಂಕಿಯಿಂದ ಮಣ್ಣು ಹುಟ್ಟುವುದರಿಂದ ಜೋಡಿ ಒಳ್ಳೆಯದು ಎಂದು ಒಬ್ಬ ತಜ್ಞ ಹೇಳಬಹುದು; 2 ಪಶ್ಚಿಮದ ಗುಂಪು, 9 ಪೂರ್ವದ ಗುಂಪು, ಹೊಂದುವುದಿಲ್ಲ ಎಂದು ಇನ್ನೊಬ್ಬ ಹೇಳಬಹುದು. ಅದೇ ಲೆಕ್ಕದಲ್ಲಿ ಉತ್ತರ ದಿಕ್ಕು ಹೆಂಡತಿಗೆ ದಾಂಪತ್ಯ ಸುಖದ್ದು, ಗಂಡನಿಗೆ ಸರ್ವನಾಶದ್ದು. ಇಬ್ಬರೂ ಮಲಗುವ ಉತ್ತರದ ಕೋಣೆಗೆ ಯಾವ ಬಣ್ಣ? ಉತ್ತರವನ್ನು ಎರಡೂ ಕಡೆಗೆ ಎಳೆಯಬಹುದಾದ ಇಂಥ ಲೆಕ್ಕದಲ್ಲಿ ಫಲ ಏನೇ ಬಂದರೂ ಶಾಸ್ತ್ರ ಸೋಲುವುದಿಲ್ಲ, ಸೋಲುವುದು ಮನೆಯವರೇ.

ನಮ್ಮವರಿಗೆ ಇನ್ನೂ ಒಂದು ಇಕ್ಕಟ್ಟಿದೆ. ಬಹುತೇಕ ಮನೆಗಳನ್ನು ಕಟ್ಟಿರುವುದು ವಾಸ್ತು ನೋಡಿ. ವಾಸ್ತುವಿನಲ್ಲಿ ಆಗ್ನೇಯ ಅಗ್ನಿಯ ಮೂಲೆ, ಅಡುಗೆಮನೆ ಅಲ್ಲಿಗೇ. ಫೆಂಗ್ ಶೂಯಿಗೆ ಅದು ಮರ. ಈಶಾನ್ಯ ವಾಸ್ತುವಿಗೆ ನೀರಿನ ಮೂಲೆ, ಸಂಪು, ಬಾವಿ ಅಲ್ಲಿರಬೇಕು. ಫೆಂಗ್ ಶೂಯಿಗೆ ಅದು ಮಣ್ಣು, ಮಣ್ಣು ನೀರನ್ನು ತಡೆದು ಸೋಲಿಸುವ ಧಾತು. ವಾಯವ್ಯ ಇಲ್ಲಿ ಗಾಳಿ, ಅಲ್ಲಿ ಲೋಹ. ವಾಸ್ತುವಿನ ಪಂಚಭೂತಗಳಲ್ಲಿ ಮರವೂ ಇಲ್ಲ, ಲೋಹವೂ ಇಲ್ಲ. ಚೀನೀ ಪಂಚಕದಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಎರಡೂ ಕೈಕುಲುಕುವುದು ನೈಋತ್ಯದಲ್ಲಿ ಮಾತ್ರ, ಅಲ್ಲಿ ಇಬ್ಬರಿಗೂ ಮಣ್ಣೇ. ನಾವು ಅದೇ ಮೂಲೆಗೆ ಅಮೆರಿಕದ ಗುಲಾಬಿ ಬಳಿಯುತ್ತಿದ್ದೇವೆ! ವಾಸ್ತುವನ್ನೂ ಫೆಂಗ್ ಶೂಯಿಯನ್ನೂ ಒಟ್ಟಿಗೆ ನೋಡಿಕೊಡುತ್ತೇವೆ ಎನ್ನುವವರು ಈ ವಿರೋಧವನ್ನು ಹೇಗೆ ಬಗೆಹರಿಸುತ್ತಾರೆಂದು ಕೇಳುವ ಹಕ್ಕು ಹಣ ಕೊಡುವವರಿಗಿದೆ.

ಇಷ್ಟಾದರೂ ಬಣ್ಣಕ್ಕೂ ಮನಸ್ಸಿಗೂ ಸಂಬಂಧವೇ ಇಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಇದು ತೂಕದ ಪ್ರಶ್ನೆ. ಸಂಬಂಧ ಇದೆ, ಆದರೆ ಇಂಥ ಬಣ್ಣಕ್ಕೆ ಇಂಥ ಫಲ ಎಂದು ಔಷಧದ ಚೀಟಿಯಂತೆ ಬರೆದುಕೊಡುವಷ್ಟು ನೇರವಲ್ಲ. ಇದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಸಿಯಾಟಲ್‌ನದು. 1979ರಲ್ಲಿ ಅಲ್ಲಿನ ನೌಕಾಪಡೆಯ ಸೆರೆಮನೆಯ ಕೋಣೆಯೊಂದಕ್ಕೆ ಒಂದು ಬಗೆಯ ಕಡುಗುಲಾಬಿ ಬಳಿದರು. ಕೈದಿಗಳು ಕೆಲವೇ ನಿಮಿಷಗಳಲ್ಲಿ ಶಾಂತರಾಗುತ್ತಾರೆ ಎಂಬ ಸುದ್ದಿ ಹಬ್ಬಿತು. ಅಲ್ಲಿನ ಇಬ್ಬರು ಅಧಿಕಾರಿಗಳ ಹೆಸರಿನಿಂದ ಬೇಕರ್-ಮಿಲ್ಲರ್ ಗುಲಾಬಿ ಎನಿಸಿಕೊಂಡ ಆ ಬಣ್ಣ ಬೇರೆ ಬೇರೆ ದೇಶಗಳ ಜೈಲುಗಳಿಗೂ ಹೋಯಿತು. ಆಮೇಲೆ ಸ್ವಿಟ್ಜರ್‌ಲೆಂಡಿನ ಸೆರೆಮನೆಯೊಂದರಲ್ಲಿ ಗುಲಾಬಿ ಕೋಣೆಗಳನ್ನೂ ಬಿಳಿ ಕೋಣೆಗಳನ್ನೂ ಹೋಲಿಸಿ ಅಳೆದಾಗ ಕೈದಿಗಳ ಆಕ್ರಮಣಶೀಲತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಪ್ರಯೋಗಶಾಲೆಯ ಮಾತಿಗೇ ಈ ಗತಿಯಾದರೆ, ಗುಲಾಬಿ ಗೋಡೆಯಿಂದ ದಾಂಪತ್ಯ ಸುಧಾರಿಸುತ್ತದೆ ಎಂಬುದನ್ನು ನಂಬಲು ಇನ್ನೂ ಹೆಚ್ಚಿನ ಸಾಕ್ಷಿ ಬೇಕು. ಬಣ್ಣದ ಅರ್ಥ ಬಹುಮಟ್ಟಿಗೆ ರೂಢಿಯಿಂದ ಬರುತ್ತದೆ. ಚೀನೀಯರಿಗೆ ಬಿಳಿ ಸಾವಿನ ಮನೆಯದು, ಕೆಂಪು ಮದುವೆಯದು. ಬಿಳಿಯ ಬಗ್ಗೆ ಅವರಿಗಿರುವ ಅಳುಕು, ದೀಪಾವಳಿಗೆ ಸುಣ್ಣ ಬಳಿದು ಮನೆ ಬೆಳಗಿಸಿಕೊಂಡ ನಮಗೆ ಏಕೆ ಬೇಕು?

ಕೊನೆಯದಾಗಿ, ಬಣ್ಣ ಹೇಗೂ ಬಳಿಸಬೇಕು, ಪಟ್ಟಿ ನೋಡಿ ಬಳಿಸಿದರೆ ಕಳೆದುಕೊಳ್ಳುವುದೇನು, ಬಳಿಸಿದ ಮೇಲೆ ಒಳ್ಳೆಯದಾದವರೂ ಇದ್ದಾರಲ್ಲ ಎನ್ನುವವರಿದ್ದಾರೆ. ಒಳ್ಳೆಯದಾಗುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಪೇಂಟ್ ಮಾಡಿಸುವುದೆಂದರೆ ಅಟ್ಟದ ಹಳೇ ಸಾಮಾನು ಇಳಿಸಿ, ಜೇಡರಬಲೆ ತೆಗೆದು, ಸೋರುವ ಕಡೆ ಮುಚ್ಚಿ, ಪುಟ್ಟಿ ಹಚ್ಚಿ ಮನೆಯನ್ನೆಲ್ಲ ಹೊಸದಾಗಿಸುವುದು. ಯಾವ ಬಣ್ಣ ಬಳಿದರೂ ಆ ಮನೆಯಲ್ಲಿ ಮನಸ್ಸು ಹಗುರಾಗುತ್ತದೆ. ಕಳೆದುಕೊಳ್ಳುವುದೇನು ಎಂಬುದಕ್ಕೂ ಉತ್ತರವಿದೆ. ಹೊಸ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಭಾಗವನ್ನು ಹಿಂದಕ್ಕೆ ಕೊಡುತ್ತದೆ. ಕಡುಕೆಂಪು, ಕಡುನೀಲಿ, ಕಪ್ಪು ಹತ್ತು ಹದಿನೈದು ಭಾಗ ಕೊಟ್ಟರೆ ಹೆಚ್ಚು. ಅಕ್ಕಪಕ್ಕದ ಕಟ್ಟಡ ಒತ್ತಿಕೊಂಡಿರುವ ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ, ಹಗಲಲ್ಲೂ ಕತ್ತಲಾಗಿರುವ ಉತ್ತರದ ಕೋಣೆಗೆ ನೀರಿನ ಧಾತುವೆಂದು ಕಡುನೀಲಿ ಬಳಿದರೆ ಹಗಲೆಲ್ಲ ದೀಪ ಉರಿಯಬೇಕು. ಹೊರಗೋಡೆಗೆ ಕಡುಬಣ್ಣ ಕೊಟ್ಟರೆ ಬಿಸಿಲು ಹೀರಿ ರಾತ್ರಿಯೆಲ್ಲ ಒಳಗೆ ಸೆಖೆ ಬಿಡುತ್ತದೆ. ಈ ನಷ್ಟ ಕರೆಂಟ್ ಬಿಲ್ಲಿನಲ್ಲಿ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ವ್ಯಾಪಾರ ಕುಸಿದರೆ ಲೆಕ್ಕಪುಸ್ತಕ ನೋಡುವ ಬದಲು, ಗಂಡಹೆಂಡಿರಲ್ಲಿ ಮನಸ್ತಾಪ ಬಂದರೆ ಕೂತು ಮಾತಾಡುವ ಬದಲು ಗೋಡೆ ನೋಡುತ್ತ ಕೂರುವುದು. ನಂಬಿಕೆಯಿಂದ ಒಂದು ಕೆಂಪು ದೀಪವನ್ನೋ ಹಸಿರು ಪರದೆಯನ್ನೋ ಇಟ್ಟುಕೊಂಡು ನೆಮ್ಮದಿ ಪಡೆಯುವವರೊಂದಿಗೆ ನನಗೆ ಜಗಳವಿಲ್ಲ.

ಫೆಂಗ್ ಶೂಯಿಯಿಂದ ಎತ್ತಿಕೊಳ್ಳಬೇಕಾದದ್ದು ಅದು ಕೇಳುವ ಪ್ರಶ್ನೆಗಳನ್ನು: ಬಿಸಿಲು ಎಲ್ಲಿಂದ, ಗಾಳಿ ಎಲ್ಲಿಂದ, ನೀರು ಎಲ್ಲಿ ನಿಲ್ಲುತ್ತದೆ, ಒಂದೇ ಗುಣ ಮಿತಿಮೀರಿ ಕೋಣೆಯನ್ನು ಆಳುತ್ತಿದೆಯೇ. ಈ ಪ್ರಶ್ನೆಗಳಿಗೆ ನಮ್ಮ ಹಳ್ಳಿಮನೆಗಳು ಸುಣ್ಣ-ಕಾರಣೆಯಲ್ಲಿ ಉತ್ತರ ಕೊಟ್ಟಿದ್ದವು. ಮೇಲೆ ಚಿಟಿಕೆ ನೀಲಿ ಬೆರೆಸಿದ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ಸುಣ್ಣ ಬಿಸಿಲನ್ನು ಹಿಂದಕ್ಕಟ್ಟುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ; ಮಳೆಗೆ ಸಿಡಿದ ಕೆಸರಿನ ಕಲೆ ಕೆಮ್ಮಣ್ಣಿನ ಮೇಲೆ ಎದ್ದು ಕಾಣುವುದಿಲ್ಲ. ಎಮಲ್ಷನ್ ಕಾಲದಲ್ಲೂ ಆ ವಿವೇಕ ಸಲ್ಲುತ್ತದೆ. ತಾರಸಿಗೆ ಮತ್ತು ಪಡುವಣ ಹೊರಗೋಡೆಗೆ ಬಿಳಿಯನ್ನೋ ಬಿಳಿಗೆ ಹತ್ತಿರದ್ದನ್ನೋ ಕೊಡಿ. ಬೆಳಕು ಕಡಿಮೆ ಇರುವ ಕೋಣೆಗೆ ಕೆನೆ, ತಿಳಿಹಳದಿಯಂಥ ಬೆಚ್ಚನೆಯ ತಿಳಿಬಣ್ಣ ಒಪ್ಪುತ್ತದೆ. ಬಿಸಿಲು ಸುರಿಯುವ ಕೋಣೆಗೆ ತಿಳಿಹಸಿರು, ಬೂದುನೀಲಿ ತಂಪು. ಕಡುಬಣ್ಣ ಬೇಕೇಬೇಕೆಂದರೆ ಒಂದು ಗೋಡೆಗೆ ಸಾಕು. ಶೇಡ್ ಕಾರ್ಡಿನ ಅಂಗುಲದಗಲದ ತುಂಡು ನಾಲ್ಕು ಗೋಡೆಗೆ ಹರಡಿದಾಗ ಒಂದರ ಬಣ್ಣ ಇನ್ನೊಂದರ ಮೇಲೆ ಪ್ರತಿಫಲಿಸಿ ಗಾಢವಾಗುವುದರಿಂದ, ಮೆಚ್ಚಿದ್ದಕ್ಕಿಂತ ಒಂದು ಹಂತ ತಿಳಿಯಾದುದನ್ನು ಆರಿಸುವುದು ಲೇಸು. ಬಲ್ಬನ್ನೂ ಮರೆಯಬೇಡಿ: 6500 ಕೆಲ್ವಿನ್‌ನ ಬೆಳ್ಳನೆಯ ಟ್ಯೂಬ್‌ಲೈಟಿನಡಿ ಕೆನೆಬಣ್ಣ ಪೇಲವವಾಗಿ ಕಾಣುತ್ತದೆ, 3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಅದೇ ಗೋಡೆ ತುಂಬಿಕೊಳ್ಳುತ್ತದೆ. ಪೇಂಟರ್ ಡಬ್ಬಿಗಟ್ಟಲೆ ತರುವ ಮುನ್ನ ಸಣ್ಣ ಸ್ಯಾಂಪಲ್ ತರಿಸಿ, ಎದುರುಬದುರು ಎರಡು ಗೋಡೆಗಳ ಮೇಲೆ ಎರಡೆರಡು ಅಡಿ ಬಳಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಡಿ ನೋಡಿ. ಒಪ್ಪಿದರೆ ಕೆಲಸ ಹಿಡಿಸಿ, ಡಬ್ಬಿಯ ಮೇಲಿನ ಶೇಡ್ ನಂಬರನ್ನು ಬರೆದಿಟ್ಟುಕೊಳ್ಳಿ. ಮಳೆಗಾಲ ಕಳೆದ ಮೇಲೆ ಟಚಪ್ ಮಾಡಿಸುವಾಗ ಬೇಕಾಗುತ್ತದೆ.